ಜೇನು ಕೀಳುವವನ ಹಿಮ್ಮಡಿ

ನದಿದಡದ ಆಶ್ರಮಕ್ಕೊಂದು ಪುಟ್ಟ ಆಸ್ಪತ್ರೆಯಿತ್ತು. ಅಲ್ಲಿನ ಹಿರಿಯ ವೈದ್ಯರು ಸೋಮದೇವಯ್ಯ. ಮೂಳೆಯ ಚಿತ್ರ ಓದುವುದರಲ್ಲಿ ಅವರದು ಎತ್ತಿದ ಕೈ. ಆ ವಿದ್ಯೆ ಕಲಿಯಲೆಂದು ವಾರಿಜಾ ಎಂಬ ಎಳೆಯ ವೈದ್ಯೆ ಅವರಲ್ಲಿಗೆ ಬಂದಿದ್ದಳು.

ಒಂದು ಬೆಳಿಗ್ಗೆ ಕೇತಮ್ಮ ತನ್ನ ಗಂಡ ಜಡೆಯನನ್ನು ಜೀಪಿನಲ್ಲಿ ಮಲಗಿಸಿಕೊಂಡು ತಂದಳು. ಅವನು ಕಾಡಿನಲ್ಲಿ ಜೇನು ಕೀಳುವವನು. ಹುಳು ಕಚ್ಚಿ ಮುಖ ಗುರುತೇ ಸಿಗದಷ್ಟು ಊದಿತ್ತು.

“ಹುಳ ಎದ್ಬುಟ್ವು ಕಣವ್ವಾ. ಬಿದ್ದೆ. ಎಡಗಾಲಂತೂ ಊರಕ್ಕೇ ಆಗಲ್ಲ” ಎಂದ.

ವಾರಿಜಾ ಮೊದಲು ವಿಷಕ್ಕೆ ಚುಚ್ಚುಮದ್ದು ಕೊಟ್ಟಳು. ಆಮೇಲೆ ಎಡ ಹಿಮ್ಮಡಿಯ ಎಕ್ಸ್‌ರೇ ತೆಗೆಸಿದಳು. ಹೋಲಿಸಿ ನೋಡಲು ಬಲಗಾಲಿನದನ್ನೂ ತೆಗೆಸಿದಳು. ಎರಡನ್ನೂ ಬೆಳಕಿಗೆ ಹಿಡಿದಾಗ ಅವಳ ಮನಸ್ಸು ಹಗುರಾಯಿತು.

“ಮೂಳೆಗೇನೂ ಆಗಿಲ್ಲಪ್ಪ. ಮೆಲ್ಲಗೆ ಎದ್ದು ನಾಲ್ಕು ಹೆಜ್ಜೆ ನಡೆದು ನೋಡು” ಎಂದು ಹೇಳಿ ಚಿತ್ರಗಳೊಂದಿಗೆ ಒಳಗೆ ಹೋದಳು.

“ಏನು ಕಂಡಿತು?” ಗುರು ಸೋಮದೇವಯ್ಯ ಕೇಳಿದರು.

“ಎಡಗಾಲು ಬಲಗಾಲಿನ ಹಾಗೇ ಇದೆ ಗುರುಗಳೇ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.”

ಗುರುಗಳು ಕಪಾಟಿನಿಂದ ಬೇರೆ ಯಾರದೋ ಪೆಟ್ಟಾಗದ ಹಿಮ್ಮಡಿಯ ಹಳೆಯ ಎಕ್ಸ್‌ರೇ ಒಂದನ್ನು ತೆಗೆದು ಆ ಎರಡರ ನಡುವೆ ಸಿಕ್ಕಿಸಿದರು.

ಅದರಲ್ಲಿ ಹಿಮ್ಮಡಿ ಮೂಳೆಯ ಮೇಲಂಚು ದಿಬ್ಬದಂತೆ ಏರಿ ಇಳಿದಿತ್ತು.

ಜಡೆಯನ ಎಡಗಾಲಿನಲ್ಲಿ ಆ ಏರು ಇರಲಿಲ್ಲ. ಬಲಗಾಲಿನಲ್ಲೂ ಇರಲಿಲ್ಲ. ಎರಡೂ ಮೂಳೆಗಳು ತುಳಿದ ಮಣ್ಣಿನ ಹೆಂಟೆಯಂತೆ ಕುಸಿದು ಚಪ್ಪಟೆಯಾಗಿದ್ದವು.

ವಾರಿಜಾ ಚಿತ್ರಗಳತ್ತ ಬಾಗಿದಳು. “ಎರಡೂ ಮುರಿದಿವೆ…”

“ಎಷ್ಟೆತ್ತರದಿಂದ ಬಿದ್ದನಂತೆ?”

“ಕೇಳಲಿಲ್ಲ.”

“ಹಿಮ್ಮಡಿಯನ್ನು ಹೀಗೆ ಪುಡಿಮಾಡಿದ ಪೆಟ್ಟು ಅಲ್ಲಿಗೇ ನಿಂತಿತೇ ತಾಯಿ?”

ಅವಳು ತಿರುಗಿ ನೋಡದೆ ಓಡಿದಳು.

ಕೇತಮ್ಮ ಗಂಡನ ಕಂಕುಳಿಗೆ ಕೈಕೊಟ್ಟು ಎತ್ತುತ್ತಿದ್ದಳು. ಅವನು ಹಲ್ಲು ಕಚ್ಚಿಕೊಂಡು ಮಂಚದಿಂದ ಅರ್ಧ ಎದ್ದಿದ್ದ.

“ಬೇಡ! ಏಳಬೇಡ!”

ಆ ಕೂಗಿಗೆ ಇಡೀ ಆಸ್ಪತ್ರೆ ಬೆಚ್ಚಿತು. ಅವಳೇ ಹೋಗಿ ಅವನ ಭುಜ ಹಿಡಿದುಕೊಂಡಳು. ಹಿಂದೆಯೇ ಬಂದ ಗುರುಗಳು ಸೊಂಟದ ಕೆಳಗೆ ಕೈಯಿಟ್ಟು, ಮೈ ತಿರುಚದಂತೆ ಅವನನ್ನು ಮಲಗಿಸಿದರು.

“ಎಲ್ಲಿಂದ ಬಿದ್ದೆಯಪ್ಪ?” ವಾರಿಜಾ ಕೇಳಿದಳು.

“ಬಂಡೆ ಮ್ಯಾಲಿಂದ. ಮೂರಾಳೆತ್ತರ ಇದ್ದೀತು. ಹುಳ ತಡೀಲಾರ್ದೆ ನಾನೇ ಹಾರ್ಬುಟ್ಟೆ ಕಣವ್ವಾ.”

“ಸೊಂಟ ನೋಯುತ್ತಿರಲಿಲ್ಲವೇ?”

“ನೋಯ್ತಿತ್ತು. ನೀವು ಕಾಲು ಕೇಳಿದ್ರಿ.”

ಮಲಗಿದಲ್ಲೇ ಬೆನ್ನಿನ ಚಿತ್ರ ತೆಗೆಸಿದರು. ಸೊಂಟದ ಮಟ್ಟದಲ್ಲಿ ಬೆನ್ನೆಲುಬಿನ ಒಂದು ಮೂಳೆ ಒಡೆದಿತ್ತು. ಅದರ ಚೂರೊಂದು ಹಿಂದಕ್ಕೆ, ಬೆನ್ನುಹುರಿಯ ಕಡೆಗೆ ಸರಿದು ನಿಂತಿತ್ತು. ಅವನು ಎದ್ದು ನಿಂತಿದ್ದರೆ ಅದು ಹುರಿಗೇ ಚುಚ್ಚಿ ಕಾಲುಗಳ ಬಲ ಹೋಗಬಹುದಿತ್ತು.

ಅಲುಗಾಡದಂತೆ ಹಲಗೆಗೆ ಕಟ್ಟಿ ಜಡೆಯನನ್ನು ಪೇಟೆಯ ದೊಡ್ಡಾಸ್ಪತ್ರೆಗೆ ಕಳಿಸಿದರು. ಸಂಜೆ ಅಲ್ಲಿಂದ ಫೋನ್ ಬಂತು. ಸಿ.ಟಿ. ಸ್ಕ್ಯಾನ್ ಆಗಿತ್ತು. ಹಿಮ್ಮಡಿಗಳು ಹಲವು ಹೋಳಾಗಿದ್ದವು, ಕೂಡಿಸಬಹುದಂತೆ. ಬೆನ್ನಿಗೂ ಶಸ್ತ್ರಚಿಕಿತ್ಸೆ ಬೇಕು. ಆದರೆ ನರಕ್ಕೆ ಏಟಾಗಿಲ್ಲ, ಕಾಲ್ಬೆರಳು ಆಡುತ್ತಿವೆ.

ವಾರಿಜಾ ಹೊಳೆಯ ಮೆಟ್ಟಿಲ ಮೇಲೆ ಕುಳಿತಿದ್ದಳು. ಗುರುಗಳು ಬಂದು ಸುದ್ದಿ ಹೇಳಿದರೂ ಅವಳ ಕೈ ನಡುಗುತ್ತಲೇ ಇತ್ತು.

“ಎದ್ದು ನಡಿ ಅಂದವಳು ನಾನು, ಗುರುಗಳೇ. ಇನ್ನು ಯಾರ ಚಿತ್ರವನ್ನೂ ನಾನು ಮುಟ್ಟಲಾರೆ. ನೋಡಿ, ಕೈ ನಿಲ್ಲುತ್ತಲೇ ಇಲ್ಲ.”

ಸೋಮದೇವಯ್ಯ ಕಂಕುಳಲ್ಲಿದ್ದ ಲಕೋಟೆಯಿಂದ ಆಗಷ್ಟೇ ಬಂದ ಮತ್ತೊಬ್ಬ ರೋಗಿಯ ಎಕ್ಸ್‌ರೇ ತೆಗೆದು, ಆ ನಡುಗುವ ಕೈಯಲ್ಲೇ ಇಟ್ಟರು.

“ಹೆದರಿದ ಕಣ್ಣು ಆತುರಪಡುವುದಿಲ್ಲ. ನಡುಕ ನಿಲ್ಲುವುದರೊಳಗೆ ಇದನ್ನು ನೋಡಿಬಿಡು.”