ತೇವ ಒಣಗಿಸಿದ ಫಕೀರಪ್ಪ

ಕೇಳ್ರಪ್ಪಾ, ಕಿವಿ ಈ ಕಡೆ ಕೊಡ್ರಿ! ಏಳು ಊರಿನ ಪೆದ್ದರನ್ನೆಲ್ಲ ತಕ್ಕಡಿಯ ಒಂದು ತಟ್ಟೆಗೆ ತುಂಬಿ, ಇನ್ನೊಂದರಲ್ಲಿ ನೀಲವ್ವನ ಮಗ ಫಕೀರಪ್ಪನನ್ನು ಕೂರಿಸಿದರೆ, ಅವನ ತಟ್ಟೆಯೇ ನೆಲ ಮುಟ್ಟುತ್ತಿತ್ತು. ಹೇಳಿದಷ್ಟು ಮಾಡುವವ. ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ.

ನೀಲವ್ವನ ಮಗಳು ಹೊಳೆವ್ವ ಹೆತ್ತು, ಆಸ್ಪತ್ರೆಯಿಂದ ಕೂಸಿನೊಂದಿಗೆ ತವರಿಗೆ ಬರುವವಳಿದ್ದಳು. ಅದಕ್ಕೇ ನೀಲವ್ವ ಬಾಣಂತಿ ಕೋಣೆಯ ಒಂದು ಗೋಡೆ ಹೊಸದಾಗಿ ಕಟ್ಟಿಸಿ ಸಿಮೆಂಟ್ ಬಳಿಸಿದಳು. ಉಳಿದವು ಹಳೆ ಮಣ್ಣಿನವು. ಕೋಣೆ ತೇವವಿದ್ದರೆ ಕೂಸಿಗೆ ಕೆಮ್ಮು, ನೆಗಡಿ. ಅವಳ ಜೀವವೆಲ್ಲ ಆ ಚಿಂತೆಯಲ್ಲೇ.

"ಗ್ವಾಡಿಗೆ ದಿನಾ ನೀರು ಹೊಡಿಯೋ," ಅಂದು ಗೋಡೆ ಕಟ್ಟಿದ ಗೌಂಡಿ ಹೋದ. ಹೇಳಿದ್ದು ಹೊಸ ಸಿಮೆಂಟ್ ಗಟ್ಟಿಯಾಗಲೆಂದು, ಆದರೆ ಯಾವ ಗೋಡೆ ಅನ್ನಲಿಲ್ಲ. ಫಕೀರಪ್ಪ ಹೊಸ ಗೋಡೆಗೂ ಹೊಡೆದ, ಮಣ್ಣಿನ ಗೋಡೆಗೂ ಹೊಡೆದ. ಊರ ಬಾವಿ ತಳ ಕಂಡಿತು, ಕೋಣೆಯಲ್ಲಿ ಕಪ್ಪೆಗಳು ಸಂಸಾರ ಹೂಡಿದವು!

"ಅಯ್ಯ ನನ್ನ ಕರ್ಮ! ಮಣ್ಣಿಗ್ಯಾಕೋ ನೀರು, ಮೂಳಾ? ಕಿಡಕಿ, ಬಾಗಿಲಾ ತೆರೆದಿಡು. ಗಾಳಿಗೆ ಒಣಗತೈತಿ."

"ಆತಬೇ ಯವ್ವಾ!"

ನೀಲವ್ವ ಸಂತೆಗೆ ಹೋದಳು. ಮಳೆ ದಬದಬ ಬಂತು. ಫಕೀರಪ್ಪ ಗಾಳಿಗೆ ಬಾಗಿಲು ಮುಚ್ಚದಂತೆ ಒತ್ತಿ ಹಿಡಿದು ನಿಂತ. ಮಳೆ ಒಳಗೆ ಬಂತು. ಹಿಂದೆಯೇ ಪಕ್ಕದ ಮನೆಯ ಎಮ್ಮೆಯೂ ಬಂತು.

"ಏನೋ ಇದು, ಹುಚ್ಚಪ್ಯಾಲಿ!" ಸಂತೆಯಿಂದ ಬಂದ ನೀಲವ್ವ ಚೀರಿದಳು.

"ನೀನ ಅಂದಿದ್ದೆಲ್ಲಬೇ, ತೆರೆದಿಡು ಅಂತ!"

"ಮಳಿ ಬಂದ್ರ ಎಲ್ಲಾ ಮುಚ್ಚಬೇಕೋ!"

ಮರುದಿನ ಮತ್ತೆ ಮಳೆ. ಹಿತ್ತಲಲ್ಲಿ ಒಲೆಗೆ ಸಗಣಿ ಕುಳ್ಳು ಆಯುತ್ತಿದ್ದ ನೀಲವ್ವ ಓಡಿ ಬಂದರೆ ಬಾಗಿಲಿಗೆ ಅಗುಳಿ.

"ತೆಗಿಯೋ, ನಾನು, ನಿಮ್ಮವ್ವ!"

"ಮಳಿ ಐತಿ, ತೆಗಿಯಂಗಿಲ್ಲಬೇ! ನಿಂತ ಮ್ಯಾಲ ಬಾ!"

ಮಳೆ ನಿಲ್ಲುವ ಹೊತ್ತಿಗೆ ಅವಳ ಸೀರೆ ಹಿಂಡಿದರೆ ಎರಡು ಕೊಡ ನೀರು.

"ಸಾಕೋ ಮಾರಾಯಾ! ನಾಳೆ ಹೊಳೆವ್ವ ಬರತಾಳ. ಹಸಿ ಆದದ್ದು ಏನ ಕಂಡರೂ ಎತ್ತಿ ಹೊರಗ ಬಿಸಿಲಿಗೆ ಹಾಕು. ಅಷ್ಟ ಮಾಡು!"

ಬೆಳಗ್ಗೆ ಒಳ್ಳೆ ಬಿಸಿಲು. ಫಕೀರಪ್ಪ ನೆನೆದ ಕೌದಿಗಳನ್ನು ಅಂಗಳದ ಹೊರಸು ಮಂಚದ ಮೇಲೆ ಹಾಕಿದ. ಹೊಳೆವ್ವ ಬಂದಳು. ಮಣ್ಣಿನ ಗೋಡೆಯ ಮಗ್ಗುಲಿಗೆ ತೊಟ್ಟಿಲು ಕಟ್ಟಿ ಕೂಸನ್ನು ಮಲಗಿಸಿದರು. ಕೂಸು ಉಚ್ಚೆ ಹೊಯ್ದಿತು. ಫಕೀರಪ್ಪ ಮುಟ್ಟಿ ನೋಡಿದ. ಹಸಿ! ಎತ್ತಿಕೊಂಡು ಅಂಗಳಕ್ಕೆ ಓಡಿದ.

"ಯವ್ವಾ, ನನ್ನ ಕೂಸು!" ಅಂತ ಹೊಳೆವ್ವ ಬೆನ್ನು ಹತ್ತಿದಳು. ಅವಳ ಹಿಂದೆ ಪೊರಕೆ ಹಿಡಿದ ನೀಲವ್ವ. ಹೊಸ್ತಿಲು ದಾಟಿದರೋ ಇಲ್ಲವೋ, ಧಡಲ್! ನೀರು ಕುಡಿದ ಮಣ್ಣಿನ ಗೋಡೆ ತೊಟ್ಟಿಲ ಮೇಲೆ!

ನೀಲವ್ವನ ಕೈಯ ಪೊರಕೆ ಜಾರಿತು. ಗೋಡೆ ನೆನೆಸಿದವನೂ ಅವನೇ, ಕೂಸು ಉಳಿಸಿದವನೂ ಅವನೇ.

"ನನ್ನಪ್ಪಾ, ನೀ ನನ್ನ ಹೊಟ್ಟ್ಯಾಗ ಹುಟ್ಟಿದ್ದು ನನ್ನ ಪುಣ್ಯ," ಅಂತ ಮಗನ ಗಲ್ಲ ಹಿಡಿದು ಗಳಗಳ ಅತ್ತಳು.

ಫಕೀರಪ್ಪ ಅವ್ವನ ಕೆನ್ನೆ ಮುಟ್ಟಿ ನೋಡಿದ. ಹಸಿ! ಅನಾಮತ್ತು ಎತ್ತಿ ಹೊರಸಿನ ಮೇಲೆ, ಕೌದಿಗಳ ನಡುವೆ ಹಾಕಿದ.

"ಒಣಗೋತನಾ ಏಳಬ್ಯಾಡಬೇ!"

ನೀಲವ್ವ ಏಳಲಿಲ್ಲ. ಕೂಸನ್ನು ನೋಡುತ್ತಾಳೆ, ಮಗನನ್ನು ನೋಡುತ್ತಾಳೆ, ಮತ್ತೆ ಅಳುತ್ತಾಳೆ. ಕೌದಿಗಳು ಮಧ್ಯಾಹ್ನಕ್ಕೇ ಒಣಗಿದವು. ಹೊತ್ತು ಮುಳುಗಿದರೂ ಅವ್ವ ಮಾತ್ರ ಒಣಗಲಿಲ್ಲ!