ತಗಡು ಎತ್ತಿದವನು

ಹೊಳೆಯಾಚೆ ಕಾಡು, ಈಚೆ ಬೆಳ್ಯಪ್ಪಜ್ಜನ ಮನೆ. ಬೇಟೆಗೆ ಕಟ್ಟುಪಾಡಿಲ್ಲದ ಕಾಲ. ಊರವರು ಹೊಡೆದ ಹಂದಿ ಯಾರದ್ದೇ ಆಗಲಿ, ಬೇಯುತ್ತಿದ್ದುದು ಅಜ್ಜನ ಹಿತ್ತಲಲ್ಲಿ. ಬೇರೆಯವರ ಕೈಗೆ ಕೊಡಲು ಊರಿಗೆ ಮನಸ್ಸಿರಲಿಲ್ಲ.

ಚಂಗಪ್ಪ ಅಜ್ಜನ ಶಿಷ್ಯ. ಮೀಸೆ ನರೆಯಲು ಶುರುವಾಗಿದ್ದರೂ ಇನ್ನೂ ಶಿಷ್ಯ. ತನ್ನ ಮನೆಯ ಹಿತ್ತಲಲ್ಲೂ ಅಂಥದ್ದೇ ಒಲೆ ಕಟ್ಟಿಕೊಂಡಿದ್ದ. ಅದರ ಮುಂದೆ ಊರು ಒಂದು ದಿನವೂ ಎಲೆ ಹಾಕಿರಲಿಲ್ಲ. ಆ ಸಂಕಟ ಅವನನ್ನು ಒಳಗೊಳಗೇ ತಿನ್ನುತ್ತಿತ್ತು.

ಆ ದಿನ ಬೆಳಿಗ್ಗೆ ಒಂದು ಸಣ್ಣ ಕಾಡುಹಂದಿ ಬಂತು. ಅಜ್ಜ ಅದರ ಬೆನ್ನು ತಡವಿ ನೋಡಿದ.

"ಚಂಗಪ್ಪಾ, ಇದನ್ನು ನಿನ್ನ ಹಿತ್ತಲಿಗೆ ಒಯ್ಯಿ. ನಾನು ಕೈ ಹಾಕೋದಿಲ್ಲ."

ಚಂಗಪ್ಪನ ಎದೆ ಉಬ್ಬಿತು. "ಏನಾದರೂ ಹೇಳ್ತೀಯಾ ಅಜ್ಜಾ?"

"ಸಾಕಿದ ಹಂದಿ ತನ್ನ ಎಣ್ಣೆ ತಾನೇ ತರುತ್ತೆ. ಇದು ಓಡಿ ಓಡಿ ಬೆಳೆದದ್ದು, ಮೈಯಲ್ಲಿ ಕೊಬ್ಬಿಲ್ಲ. ಈಗಲಾದರೂ ಓಡಿಸಬೇಡ."

ಚಂಗಪ್ಪ ಕೂದಲು ಸುಟ್ಟು ಹೆರೆದ. ಉಪ್ಪು, ಕರಿಮೆಣಸು, ಕಪ್ಪಗಿನ ಹುಳಿ ಕಾಚಂಪುಳಿ ತಿಕ್ಕಿದ. ಕಾಫಿ ಗಿಡದ ಬುಡಗಳನ್ನು ಉರಿಸಿ, ಕೆಂಡವನ್ನು ಒಲೆಯ ಒಂದು ಬದಿಗೆ ಎಳೆದ. ಇನ್ನೊಂದು ಬದಿಗೆ ಹಸಿ ಬಿದಿರಿನ ಅಟ್ಟಣೆ, ಅದರ ಮೇಲೆ ಹಂದಿ. ಮೇಲೆ ತಗಡು ಮುಚ್ಚಿದ. ಇಷ್ಟರವರೆಗೆ ಒಂದೂ ತಪ್ಪಿಲ್ಲ.

ಆಮೇಲೆ ಜನ ಬರತೊಡಗಿದರು.

"ಹೇಗಾಗ್ತಿದೆ ಚಂಗಪ್ಪಾ?"

"ನೋಡಿ ಬೇಕಾದರೆ!" ತಗಡು ಎತ್ತಿದ. ಹೊಗೆಯೂ ಕಾವೂ ಬುಸ್ಸೆಂದು ಹೊರಗೆ ಹೋದವು.

ಹಾದಿಯಲ್ಲಿ ಹೋಗುವವರಿಗೂ ತೋರಿಸಿದ. ಬೇಲಿಯಾಚೆಯ ಅತ್ತೆಯನ್ನು ಕೂಗಿ ಕರೆದು ತೋರಿಸಿದ. ಹೆಣ್ಣು ನೋಡಲು ಬಂದವರೂ ಅಷ್ಟು ಸಲ ಹುಡುಗಿಯ ತಲೆ ಎತ್ತಿಸುವುದಿಲ್ಲ. ಅಜ್ಜ ಚಂಗಪ್ಪನ ಮನೆಯ ಹಿಂಬದಿಯ ಜಗಲಿಯಲ್ಲಿ ಕೂತು ಎಲ್ಲ ನೋಡುತ್ತಿದ್ದ.

ಸಂಜೆ ಊರೆಲ್ಲ ಎಲೆ ಹಾಕಿಕೊಂಡು ಕೂತಿತು. ಚಂಗಪ್ಪ ತೊಡೆಗೆ ಕತ್ತಿ ಚುಚ್ಚಿದ. ರಸ ಕೆಂಪಗೆ ಬಂತು. ತಗಡನ್ನು ಮತ್ತೆ ಮುಚ್ಚಿದ.

ಮೆಲ್ಲಗೆ ಅಜ್ಜನ ಬಳಿ ಬಂದ. "ಅಜ್ಜಾ, ತೊಡೆ ಇನ್ನೂ ಹಸಿ. ಕಟ್ಟಿಗೆ ತುರುಕಿ ಉರಿ ಮಾಡಲಾ? ಮೇಲೆ ಕಪ್ಪಗಾದರೆ ಯಾರಿಗೂ ಗೊತ್ತಾಗಲ್ಲ."

"ನನ್ನ ಹೊಟ್ಟೆಯನ್ನು ಕೇಳಿದರೆ ಮಾಡು ಅನ್ನುತ್ತೆ."

"ಹಂದಿಯನ್ನು ಕೇಳಿದರೆ?"

"ಅದನ್ನು ಕೇಳಬೇಕಾದವನು ನಾನಲ್ಲ."

ಪಂಕ್ತಿಯಿಂದ ಯಾರೋ ಕೂಗಿದರು. "ಅಜ್ಜನ ಹಿತ್ತಲಾಗಿದ್ದರೆ ಇಷ್ಟು ಹೊತ್ತಿಗೆ ಉಂಡು ಕೈ ತೊಳೀತಿದ್ದೆವು!"

ನಗು ಎದ್ದಿತು. ಚಂಗಪ್ಪನ ಕೈಯಲ್ಲಿ ಕಟ್ಟಿಗೆ ಇತ್ತು. ಒಲೆಗೆ ಹಾಕಿದರೆ ಮಾನ ಉಳಿಯುತ್ತದೆ, ಮಾಂಸ ಕೊರಡಾಗುತ್ತದೆ. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರೆ. ಪುಣ್ಯಕ್ಕೆ ಚಂಗಪ್ಪನಿಗೆ ಕೆಡುವ ಮೊದಲೇ ಬಂತು.

ಅವನು ಕಟ್ಟಿಗೆಯನ್ನು ಕೆಳಗಿಟ್ಟು ಪಂಕ್ತಿಯ ಮುಂದೆ ನಿಂತ.

"ಹಂದಿ ಬೆಂದಿಲ್ಲ. ತಪ್ಪು ನನ್ನದೇ. ನಿಮಗೆಲ್ಲ ತೋರಿಸಿ ಮೆರೆಯಬೇಕು ಅಂತ ಪದೇ ಪದೇ ತಗಡು ಎತ್ತಿದೆ. ಇನ್ನು ಕಾಯಬೇಕು. ಎಷ್ಟು ಹೊತ್ತು ಅಂತ ನನ್ನನ್ನು ಕೇಳಬೇಡಿ."

ಊರಿನ ಹಿರಿಯರಾದ ತಕ್ಕರಿಗೆ ರೇಗಿತು. ಎದ್ದು ಬಂದು ತಗಡಿಗೆ ಕೈ ಚಾಚಿದರು. "ಸರಿ, ನಾನೇ ನೋಡ್ತೀನಿ."

ಚಂಗಪ್ಪ ಅಡ್ಡ ನಿಂತ.

"ತಕ್ಕರೇ, ಕೈ ತೆಗೀರಿ."

ತಕ್ಕರಿಗೆ ಹಾಗೆ ಹೇಳಿದವರು ಆ ಊರಲ್ಲಿ ಇರಲಿಲ್ಲ. ತಕ್ಕರು ಜಗಲಿಯತ್ತ ತಿರುಗಿದರು.

"ಬೆಳ್ಯಪ್ಪಾ, ನಿನ್ನ ಶಿಷ್ಯ ಮಾತಾಡೋದು ಕೇಳಿಸ್ತಾ? ನೀನು ಬಂದು ಒಂದು ಸಲ ನೋಡಿಬಿಡು."

ಅಜ್ಜ ಎದ್ದ. ಒಲೆಯ ಕಡೆ ಹೋಗಲಿಲ್ಲ. ಒಂದು ಬಾಳೆ ಎಲೆ ಕೊಯ್ದು, ಪಂಕ್ತಿಯ ಕೊನೆಯಲ್ಲಿ ಹಾಸಿ, ಎಲ್ಲರಂತೆ ಚಕ್ಕಳಮಕ್ಕಳ ಕೂತ. ಅದನ್ನು ನೋಡಿ ತಕ್ಕರೂ ಹೋಗಿ ತಮ್ಮ ಎಲೆಯ ಮುಂದೆ ಕೂತರು.

ದೀಪ ಹಚ್ಚಿದರು. ಮಕ್ಕಳಿಗೆ ಅಕ್ಕಿರೊಟ್ಟಿ ಕೊಟ್ಟು ಸಮಾಧಾನ ಮಾಡಿದರು. ಚಂಗಪ್ಪ ಒಲೆಯ ಪಕ್ಕದಿಂದ ಕದಲಲಿಲ್ಲ. ಕೆಂಡ ಇಳಿದಾಗ ಎರಡು ಬುಡ ಸೇರಿಸಿದ, ಅಷ್ಟೇ.

ಕೊನೆಗೆ ಅವನು ತಗಡು ತೆಗೆದಾಗ ಚರ್ಮ ಜೇನಿನ ಬಣ್ಣಕ್ಕೆ ಬಂದಿತ್ತು. ಕತ್ತಿ ತಾಗಿಸುತ್ತಲೇ ತೊಡೆ ಮೂಳೆ ಬಿಟ್ಟಿತು. ತುಂಡು ತುಂಡಾಗಿ ಎಲೆಗಳಿಗೆ ಬಿತ್ತು.

ಯಾರೂ ಹೊಗಳಲಿಲ್ಲ. ಹೊಗಳಲು ಬಾಯಿ ಖಾಲಿ ಇರಬೇಕಲ್ಲ!

ಅಜ್ಜ ನಿಧಾನವಾಗಿ ತಿಂದ. ಚಂಗಪ್ಪ ಅವನ ಮುಂದೆ ಕೈಕಟ್ಟಿ ನಿಂತ. ಅಷ್ಟರಲ್ಲಿ ತಕ್ಕರು ಬೆರಳು ಚೀಪುತ್ತಾ ಕೇಳಿದರು.

"ಬೆಳ್ಯಪ್ಪಾ, ಮುಂದಿನ ಬೇಟೆಯ ಹಂದಿ ಯಾರ ಮನೆಗೆ ಹೊರಬೇಕು?"

ಅಜ್ಜ ಬರಿದಾದ ಎಲೆಯನ್ನು ಶಿಷ್ಯನ ಕಡೆಗೆ ಸರಿಸಿದ.

"ಇಲ್ಲಿಗೇ ತನ್ನಿ. ನನಗೆ ಹಸಿವಾದರೆ ನಾನೂ ಇಲ್ಲಿಗೇ ಬರ್ತೀನಿ."