ಪೆಟ್ಟಿಗೆ ಕೊಟ್ರಪ್ಪನ ಎಣಿಕೆ

ದೋಣಿಗಲ್ಲಿನ ಹೊಳೆಗೆ ಸೇತುವೆ ಬರುವ ಎಷ್ಟೋ ಮೊದಲು, ಜನ ಹರಿಗೋಲಿನಲ್ಲಿ ಕೂತು ಆಚೆ ದಡ ಸೇರುತ್ತಿದ್ದ ಕಾಲದಲ್ಲಿ, ಆ ಊರಿನಲ್ಲಿ ಸಿರಸ್ತೇದಾರರ ಮನೆ ಎಂಬ ಮನೆಯಿತ್ತು. ಅದು ನಮ್ಮ ಮನೆ, ಈಗಲೂ ಇದೆ. ಕೇಳುವವರು ಇದನ್ನು ಮೊದಲೇ ತಿಳಿದುಕೊಳ್ಳಬೇಕು. ಏಕೆಂದರೆ ಈ ಕಥೆ ಹೊರಟದ್ದು ಆ ಮನೆಯ ಮೆಟ್ಟಿಲಿನಿಂದ, ಬಂದು ನಿಂತದ್ದೂ ಅಲ್ಲಿಯೇ.

ಐದು ತಲೆಮಾರು ಆ ಮನೆಯ ಜಗಲಿಯಲ್ಲಿ ಊರಿನ ವ್ಯಾಜ್ಯಗಳು ತೀರಿದವು. ಊಟದ ಹೊತ್ತಿಗೆ ಬಂದವರು ಯಾರೂ ಹಸಿದು ಹೋಗಲಿಲ್ಲ. ಆ ಮನೆಯ ಹೆಣ್ಣುಮಕ್ಕಳು ಓದು ಬರಹ ಕಲಿತರು, ಗಂಡಸರು ಆಡಿದ ಮಾತನ್ನು ಎಂದೂ ಹಿಂದೆ ತೆಗೆದುಕೊಳ್ಳಲಿಲ್ಲ. ಊರಿನಲ್ಲಿ ಇಂದಿಗೂ ಹಾಗೆಯೇ ಹೇಳುತ್ತಾರೆ.

ಆ ಊರಿನಲ್ಲಿ ಕೊಟ್ರಪ್ಪ ಎಂಬವನಿದ್ದ. ಚಿತ್ರಗಾರರ ಮನೆಯವನು. ಅವನ ಅಪ್ಪ ದೇವರ ಹಲಗೆಗಳಿಗೆ ಬಣ್ಣ ಹಚ್ಚುತ್ತಿದ್ದ. ಒಮ್ಮೆ ಸಿರಸ್ತೇದಾರರ ಮನೆಯ ಹಿರಿಯರು ಮದರಾಸಿನ ಕಡೆಯಿಂದ ತೇಗದ ಕ್ಯಾಮೆರಾ ಒಂದನ್ನು ತರಿಸಿದರು. ಮೂರು ಕಾಲು, ಹಿತ್ತಾಳೆಯ ಕಣ್ಣು, ಕಮ್ಮಾರನ ತಿದಿಯಂಥ ಚರ್ಮದ ಮಡಿಕೆ. ಅದನ್ನು ಕೊಟ್ರಪ್ಪನ ಕೈಗಿಟ್ಟು, ಇನ್ನು ಮೇಲೆ ಇದೇ ನಿನ್ನ ಕುಂಚ ಎಂದರಂತೆ. ಅಂದಿನಿಂದ ಅವನು ಪೆಟ್ಟಿಗೆ ಕೊಟ್ರಪ್ಪನಾದ.

ಆ ಪೆಟ್ಟಿಗೆ ನಿಧಾನದ್ದು. ಅದರ ಮುಂದೆ ಕೂತವರು ಉಸಿರು ಬಿಗಿಹಿಡಿದು ಅಲುಗದೆ ಇರಬೇಕಿತ್ತು, ಅಲುಗಿದರೆ ಚಿತ್ರ ಮಸುಕಾಗುತ್ತಿತ್ತು. ಕೊಟ್ರಪ್ಪ ಕಣದಲ್ಲಿ ಜೋಳ ಅಳೆಯುವವರ ಹಾಗೆ ಎಣಿಸುತ್ತಿದ್ದ. ಒಂದು ಎನ್ನುತ್ತಿರಲಿಲ್ಲ, ಲಾಭ ಎನ್ನುತ್ತಿದ್ದ. ಲಾಭ, ಎರಡು, ಮೂರು, ನಾಲ್ಕು, ಐದು. ಐದಕ್ಕೆ ಹಿತ್ತಾಳೆಯ ಮುಚ್ಚಳ ಹಾಕುತ್ತಿದ್ದ. ಆಮೇಲೆ ಇಡೀ ಗುಂಪು ಒಟ್ಟಿಗೆ ಉಸಿರು ಬಿಡುವ ಸದ್ದು ಬೀದಿಯ ತುದಿಗೆ ಕೇಳುತ್ತಿತ್ತಂತೆ.

ಏನೇನೋ ಹೇಳುತ್ತಾರೆ. ಹೊಲದ ಬದುವಿಗಾಗಿ ಹೊಡೆದಾಡಿದ ಅಣ್ಣತಮ್ಮಂದಿರನ್ನು ಅವನು ಹೆಗಲಿಗೆ ಹೆಗಲು ತಾಗಿಸಿ ನಿಲ್ಲಿಸಿದನಂತೆ. ಅಲುಗಿದಿರಿ, ಅಲುಗಿದಿರಿ ಎಂದು ಮೂರು ಸಲ ಐದರವರೆಗೆ ಎಣಿಸಿದನಂತೆ. ಮೂರನೆಯ ಸಲಕ್ಕೆ ಇಬ್ಬರೂ ಅಳುತ್ತಿದ್ದರಂತೆ. ಹೊಳೆ ತುಂಬಿ ಬಂದಾಗ ಎದೆಮಟ್ಟದ ನೀರಿನಲ್ಲಿ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ನಡೆದನಂತೆ. ಸುಳ್ಳು ಹೇಳಿದವನ ಉಸಿರು ಐದರವರೆಗೆ ನಿಲ್ಲುತ್ತಿರಲಿಲ್ಲವಂತೆ. ನಿಜವೆಷ್ಟು, ಬೆಳೆದದ್ದೆಷ್ಟು, ಈಗ ಹೇಳುವವರಿಲ್ಲ. ಅವನ ಕೈ ಶುದ್ಧವಾಗಿತ್ತು, ಅಷ್ಟು ಮಾತ್ರ ನಿಜ.

ಹರಿಗೋಲು ಹಾಕುವ ಅಂಬಿಗರ ಕೇರಿಯಲ್ಲಿ ಹುಲಿಗೆವ್ವ ಎಂಬವಳಿದ್ದಳು. ಬಹಳ ಹರಕೆ ಹೊತ್ತ ಮೇಲೆ ಹುಟ್ಟಿದ ಒಬ್ಬಳೇ ಮಗಳು ಅವಳಿಗೆ, ಕೆಂಚಿ. ಎರಡು ವರ್ಷದ ಕೂಸು, ನೀರಿನಲ್ಲಿ ಬಿಟ್ಟ ಮೀನಿನ ಹಾಗೆ. ಅವಳದೊಂದು ಫೋಟೋ ಬೇಕೆಂದು ತಾಯಿಗೆ ಆಸೆ. ಕೊಟ್ರಪ್ಪ ಮೂರು ಸಲ ತೆಗೆದ. ಮೂರು ಸಲವೂ ತಾಯಿಯ ಮುಖ ಸ್ವಚ್ಛವಾಗಿ ಮೂಡಿತು, ಮಡಿಲಿನಲ್ಲಿ ಮಾತ್ರ ಬಿಳಿ ಮಂಜು. ಮೂರನೆಯ ಸಲ ಹುಲಿಗೆವ್ವ ಕೂಸಿನ ಎರಡು ಪಾದಗಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಆ ಪಾದ ಬಂದವು, ಕಾಲ್ಗೆಜ್ಜೆ ಬಂದವು, ಅದರ ಮೇಲೆ ಮಂಜು.

ಅವಳು ನಕ್ಕಳಂತೆ.

"ಯಣ್ಣಾ, ಊರ ಮಂದೀನೆಲ್ಲಾ ಕಾಣ್ತೈತಿ ನಿನ್ನ ಪೆಟಗಿ. ನನ್ನ ಮಗಳ್ನ ಕಂಡ್ರ ಅಷ್ಟ ಕಣ್ಣು ಮುಚ್ಚತೈತೇನು?"

"ನಿನ್ನ ಮಗಳು ಐದಲ್ಲ, ಎರಡೂ ಎಣಿಸಗೊಡಂಗಿಲ್ಲವ್ವಾ," ಎಂದು ಕೊಟ್ರಪ್ಪನೂ ನಕ್ಕ.

ಆ ಸುಗ್ಗಿಯಲ್ಲಿ ಹೊಳೆಯಾಚೆಯಿಂದ ಒಬ್ಬ ವ್ಯಾಪಾರಿ ಬಂದ. ಅವನ ಚೀಲದಲ್ಲಿ ಹೊಸ ಕ್ಯಾಮೆರಾ ಇತ್ತು. ಮಡಚಿದರೆ ಊಟದ ಡಬ್ಬಿಯಷ್ಟು. ರೆಪ್ಪೆ ಬಡಿಯುವಷ್ಟರಲ್ಲಿ ಚಿತ್ರ ಹಿಡಿಯುತ್ತದೆ, ಎಣಿಸುವುದೇ ಬೇಡ ಎಂದ. ಎಂಟು ದಿನ ಇಟ್ಟುಕೊಂಡು ನೋಡಿ, ಹಿಡಿಸಿದರೆ ಕೊಳ್ಳಿ, ಇಲ್ಲದಿದ್ದರೆ ಹಿಂದಕ್ಕೆ ಕೊಡಿ ಎಂದು ಬಿಟ್ಟುಹೋದ.

ಕೊಟ್ರಪ್ಪ ಎರಡನ್ನೂ ಅಕ್ಕಪಕ್ಕ ಇಟ್ಟ. ಹಳೆಯದರ ಚರ್ಮ ಹರಿದಲ್ಲಿ ಅವನೇ ತೇಪೆ ಹಾಕಿದ್ದ. ಅದರ ಒಂದು ಮೂಲೆಯಿಂದ ಬೆಳಕು ಸೋರಿ ಪ್ರತಿಯೊಂದು ಫೋಟೋದ ಅಂಚಿನಲ್ಲೂ ಬಿಳಿ ಗೀರು ಬೀಳುತ್ತಿತ್ತು. ಆದರೆ ಅದರ ಒಂದೊಂದು ತಿರುಪೂ ಅವನ ಬೆರಳಿಗೆ ಗೊತ್ತಿತ್ತು. ಹೊಸದು ಹಗುರ, ತಣ್ಣಗೆ, ಅಪರಿಚಿತ. ಹಳೆಯದರಲ್ಲಿ ಕಪ್ಪು ಬಟ್ಟೆ ಹೊದ್ದು ಗಾಜಿನಲ್ಲಿ ನೋಡಿದರೆ ಎಲ್ಲರೂ ತಲೆಕೆಳಗಾಗಿ ಕಾಣುತ್ತಿದ್ದರು. ಹೊಸದರ ಪುಟ್ಟ ಕಿಂಡಿಯಲ್ಲಿ ಜನ ನೆಟ್ಟಗೆ ನಿಂತಿದ್ದರು. ಅವನಿಗೆ ಅದು ಬಹಳ ಹಿಡಿಸಿತಂತೆ. ಬೀದಿಯಲ್ಲಿ ಓಡುವ ಕೋಳಿಯನ್ನು ಆ ಕಿಂಡಿಯಲ್ಲಿ ನೋಡಿ ಚಿಕ್ಕವನ ಹಾಗೆ ಸಂತೋಷಪಟ್ಟನಂತೆ.

ಹುಲಿಗೆವ್ವ ಸುದ್ದಿ ಕೇಳಿ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಬಂದಳು.

"ಹೊಸಾದು ಬಂದೈತಂತಲ್ಲ. ಒಂದು ಸಲ ಒತ್ತಣ್ಣಾ."

"ಪೂಜಿ ಆಗದ ಹತಾರ ಮುಟ್ಟಿ ಕೆಲಸ ಮಾಡಬಾರದವ್ವ. ನಮ್ಮ ಮನ್ಯಾಗ ಇಲ್ಲ ಅದು."

ಇಲ್ಲವೇ ಇಲ್ಲ. ಚಿತ್ರಗಾರರು ಹೊಸ ಕುಂಚವನ್ನೂ ಪೂಜೆ ಮಾಡದೆ ಬಣ್ಣಕ್ಕೆ ಅದ್ದುವವರಲ್ಲ. ಆ ಪೂಜೆಗೆ ಮೊದಲ ಕಾಯಿ ಕೊಟ್ರಪ್ಪನ ಕಾಲದಲ್ಲಿ ಸಿರಸ್ತೇದಾರರ ಮನೆಯಿಂದಲೇ ಬರಬೇಕಿತ್ತು. ಹಳೆಯ ಪೆಟ್ಟಿಗೆ ಕೊಟ್ಟವರು ಅವರು, ಕೇಳಬೇಕಾದದ್ದೂ ಅವರನ್ನೇ. ಆರನೆಯ ದಿನ ಕೊಟ್ರಪ್ಪ ಮೈತೊಳೆದು ಆ ಮೆಟ್ಟಿಲ ಬಳಿ ಹೋಗಿ ನಿಂತ.

ಆಗ ಮನೆಯ ಯಜಮಾನಿ ಸುಭದ್ರಾಬಾಯಿಯವರು. ಶಿಸ್ತಿನವರು. ಸೆರಗು ಜಾರಿದ್ದನ್ನು, ಮಾತು ತಡವರಿಸಿದ್ದನ್ನು ಯಾರೂ ನೋಡಿರಲಿಲ್ಲ. ಕೊಟ್ರಪ್ಪ ಹೇಳಿದ್ದನ್ನೆಲ್ಲ ಅವರು ಕೇಳಿದರು. ಅಂಬಿಗರ ಕೂಸಿನ ವಿಷಯವನ್ನೂ ಕೇಳಿದರು.

"ನಮ್ಮ ಮಾವನವರು ಕೊಟ್ಟದ್ದನ್ನು ಮೂಲೆಗೆ ತಳ್ಳುತ್ತೀಯಾ?" ಎಂದರು. "ಐದು ಎಣಿಸುವಷ್ಟು ಹೊತ್ತು ಸುಮ್ಮನೆ ಕೂರಲಾರದವರಿಗೆ ಫೋಟೋ ಏತಕ್ಕೆ, ಕೊಟ್ರಪ್ಪ? ಮಕ್ಕಳಿಗೆ ಕೂರುವುದನ್ನು ಕಲಿಸಬೇಕು. ಕ್ಯಾಮೆರಾಕ್ಕೆ ಓಡುವುದನ್ನಲ್ಲ."

ಅವನು ತಲೆ ತಗ್ಗಿಸಿದ. ಎದುರಾಡಬಹುದಿತ್ತು. ಎದುರಾಡಲಿಲ್ಲ. ಅವರ ಅನ್ನ ಉಂಡವನು, ಅವರ ಮಾತಿನಲ್ಲಿ ತಪ್ಪಿರಬಹುದೆಂದು ಅವನಿಗೆ ಹೊಳೆಯಲೇ ಇಲ್ಲವಂತೆ. ಎಂಟನೆಯ ದಿನ ವ್ಯಾಪಾರಿಗೆ ಕ್ಯಾಮೆರಾ ಹಿಂದಿರುಗಿಸಿದ. ವ್ಯಾಪಾರಿಯನ್ನು ಹೊಳೆ ದಾಟಿಸಿದವನು ಹುಲಿಗೆವ್ವನ ಗಂಡನೇ. ಮುಂದಿನ ವರ್ಷಕ್ಕೆ ನಿನ್ನ ಮಗಳು ಕೂರುವುದನ್ನು ಕಲಿಯುತ್ತಾಳೆ ಎಂದು ಕೊಟ್ರಪ್ಪ ಹುಲಿಗೆವ್ವನಿಗೆ ಸಮಾಧಾನ ಹೇಳಿದ.

ಮುಂದಿನ ವರ್ಷ ಕೆಂಚಿಗೆ ಬರಲಿಲ್ಲ. ಮಳೆಗಾಲದ ಜ್ವರದಲ್ಲಿ ನಾಲ್ಕೇ ದಿನಕ್ಕೆ ಹೋಯಿತು ಕೂಸು.

ತಿಂಗಳು ಕಳೆದ ಮೇಲೆ ಹುಲಿಗೆವ್ವ ಆ ಮೂರನೆಯ ಫೋಟೋ ಹಿಡಿದುಕೊಂಡು ಬಂದಳು. ಈ ಸಲ ನಗಲಿಲ್ಲ.

"ನೀನು ಚಿತ್ರಗಾರ ಅದೀಯಲ್ಲಣ್ಣಾ. ಈ ಮಂಜಿನಾಗ ಅದರ ಮಾರಿ ಬರದುಕೊಡು. ನನಗ ಮರೆತು ಹೊಂಟೈತಿ."

ಕೊಟ್ರಪ್ಪ ಅಪ್ಪನ ಸಣ್ಣ ಕುಂಚ ತೆಗೆದ. ಒಂಬತ್ತು ದಿನ ಅದರ ಮುಂದೆ ಕೂತ. ಮುಖ ನೆನಪಿಗೆ ಬರುತ್ತಿತ್ತು, ತಲೆಕೆಳಗಾಗಿ. ಆ ಕೂಸನ್ನು ಅವನು ನೆಟ್ಟಗೆ ದಿಟ್ಟಿಸಿ ನೋಡಿಯೇ ಇರಲಿಲ್ಲ. ಬಂದಾಗಲೆಲ್ಲ ಬೇಗ ಬೇಗ ಬಟ್ಟೆಯೊಳಗೆ ತಲೆ ತೂರಿಸಿದ್ದ. ಗಾಜಿನಲ್ಲಿ ಅದು ತಲೆ ಕೆಳಗೆ ಮಾಡಿ ನಗುತ್ತಿತ್ತು, ಅಷ್ಟೇ ಅವನು ಕಂಡದ್ದು. ಫೋಟೋವನ್ನೇ ತಿರುಗಿಸಿ ಹಿಡಿದು ಬರೆಯಲು ನೋಡಿದ. ಕೈ ಏಳಲಿಲ್ಲ. ಹೊಸದರ ಕಿಂಡಿಯಲ್ಲಿ ಓಡುವ ಕೋಳಿಯನ್ನು ನೋಡಿದ್ದ, ಕಂಕುಳಲ್ಲಿದ್ದ ಕೂಸನ್ನು ನೋಡಿರಲಿಲ್ಲ. ಒಂದು ಸಲ ಒತ್ತಿದ್ದರೆ ಯಾವ ದೇವರು ಮುನಿಯುತ್ತಿದ್ದ ಎಂದು ತನ್ನನ್ನೇ ಕೇಳಿಕೊಳ್ಳುತ್ತಿದ್ದನಂತೆ. ಹತ್ತನೆಯ ದಿನ ಒಣಗಿದ ಕುಂಚವನ್ನೂ ಫೋಟೋವನ್ನೂ ಹುಲಿಗೆವ್ವನ ಕೈಯಲ್ಲಿಟ್ಟು, ಅವಳ ಕಾಲಿಗೆ ಬಿದ್ದ.

ಆಮೇಲೆ ಅವನು ಪೆಟ್ಟಿಗೆಯನ್ನು ಹೊಳೆಗೆ ಎಸೆದನೆಂದು ಕೆಲವರು ಹೇಳುತ್ತಾರೆ. ಅದು ಸುಳ್ಳು. ಅವನು ಅದನ್ನು ಹೊತ್ತು ತಂದು ಸಿರಸ್ತೇದಾರರ ಮನೆಯ ಮೆಟ್ಟಿಲ ಮೇಲೆ ಇಟ್ಟ. ಸುಭದ್ರಾಬಾಯಿಯವರು ಬಾಗಿಲಿಗೆ ಬಂದರು. ಕೊಟ್ರಪ್ಪ ಅವರನ್ನೇ ನೋಡುತ್ತಾ, ಲಾಭ, ಎರಡು, ಮೂರು, ನಾಲ್ಕು, ಐದು ಎಂದು ಎಣಿಸಿದ. ಅಷ್ಟು ಹೊತ್ತು ಅವರು ಏನಾದರೂ ಹೇಳಬಹುದೆಂದು ಕಾದ. ಅವರು ಹೇಳಲಿಲ್ಲ. ಆ ಮನೆಯಲ್ಲಿ ಮಾತು ಹಿಂದೆ ತೆಗೆದುಕೊಳ್ಳುವ ರೂಢಿ ಇರಲಿಲ್ಲ. ಅವನು ಹರಿಗೋಲು ಹತ್ತಿ ಆಚೆ ದಡಕ್ಕೆ ಹೋದ. ಮತ್ತೆ ಅವನನ್ನು ಕಂಡವರಿಲ್ಲ.

ದೋಣಿಗಲ್ಲಿನಲ್ಲಿ ಇಂದಿಗೂ ಮಕ್ಕಳ ಫೋಟೋ ತೆಗೆಯುವಾಗ ತಾಯಂದಿರು ಅವುಗಳ ಪಾದ ಹಿಡಿದುಕೊಳ್ಳುತ್ತಾರೆ. ಫೋನಿನಲ್ಲಿ ತೆಗೆಯುವವರೂ ಮೊದಲು ಲಾಭ ಎನ್ನುತ್ತಾರೆ. ಮತ್ತೆ ಯಾವುದಾದರೂ ಫೋಟೋ ಮಸುಕಾಗಿ ಬಂದರೆ, ಇದು ಪೆಟ್ಟಿಗೆ ಕೊಟ್ರಪ್ಪನ ಕೆಲಸ ಎಂದು ನಗುತ್ತಾರೆ. ಹಳೆಯ ಪೆಟ್ಟಿಗೆಯ ಹಟದಲ್ಲಿ ಒಂದು ಕೂಸನ್ನು ಮಂಜು ಮಾಡಿದವನು ಎನ್ನುತ್ತಾರೆ. ನಮ್ಮ ಮನೆಯವರೂ ಜೊತೆಗೆ ನಗುತ್ತಾರೆ.

ಹಟ ಅವನದಲ್ಲ, ನಮ್ಮದು. ಪೆಟ್ಟಿಗೆ ನಮ್ಮ ಅಟ್ಟದ ಮೇಲಿದೆ. ಹುಲಿಗೆವ್ವನ ಮೈದುನನ ವಂಶದವರು ಅದೇ ಕೇರಿಯಲ್ಲಿದ್ದಾರೆ, ಆ ಫೋಟೋ ಅವರ ಗೋಡೆಯ ಮೇಲಿದೆ, ಪಾದ ಈಗಲೂ ಕಾಣುತ್ತವೆ. ಸಿರಸ್ತೇದಾರರ ಮನೆಯ ಪ್ರತಿಯೊಬ್ಬರೂ, ಹಿರಿಯರು ಕಿರಿಯರು ಎನ್ನದೆ, ಆ ಗೋಡೆಯ ಮುಂದೆ ಹೋಗಿ ನಿಂತು ಕ್ಷಮೆ ಕೇಳಬೇಕು.